ಗಾಂಧಿ ಬಜಾರಿನ ಖಾಲಿ ಮಹಡಿಗಳು: ಕಂದಾಯ ಬಿಟ್ಟರೆ ಹಳೇ ಪೇಟೆ ರಿಪೇರಿಯಾಗುತ್ತಾ?

ಬೆಲ್ಲದಂಗಡಿ ಮೊಮ್ಮಗ

ಹೋದ ಭಾನುವಾರ ಶಿವಮೊಗ್ಗದ ಗಾಂಧಿ ಬಜಾರಿನ ನಮ್ಮ ಹಳೇ ಅಂಗಡಿಯ ಮಹಡಿ ಹತ್ತಿದೆ. ಹತ್ತಿ ಆರು ವರ್ಷ ಆಗಿತ್ತು. ಕೆಳಗೆ ಪಾತ್ರೆ ಅಂಗಡಿಯವರು ಬಾಡಿಗೆಗಿದ್ದಾರೆ. ಅವರ ಸ್ಟೀಲ್ ಡಬ್ಬಗಳ ಸಾಲು ಸರಿಸಿ, ಮೈ ಓರೆ ಮಾಡಿಕೊಂಡು ಮರದ ಮೆಟ್ಟಿಲು ಹತ್ತಬೇಕು. ಮೂರನೇ ಮೆಟ್ಟಿಲು ಗೆದ್ದಲು ತಿಂದು ಹೋಗಿದೆ. ಮೇಲೆ ತಾತ ಲೆಕ್ಕ ಬರೆಯುತ್ತಿದ್ದ ಮೇಜು ಇದ್ದಲ್ಲೇ ಇದೆ. ಅದರ ಮೇಲೆ ಬಿಸಿಲು ಬಿದ್ದಿತ್ತು. ಕಿಟಕಿ ಮುಚ್ಚಿದೆಯಲ್ಲ, ಬಿಸಿಲು ಎಲ್ಲಿಂದ ಬಂತು ಅಂತ ತಲೆ ಎತ್ತಿದರೆ ಮಾಡಿನಲ್ಲಿ ಐದಾರು ಹಂಚೇ ಇಲ್ಲ. ಮಂಗಗಳ ಕೆಲಸ. ಹಂಚು ಹೊರುವ ಮರದ ಪಕಾಸು ಎರಡು ಕಡೆ ಕಪ್ಪಾಗಿದೆ. ಈ ಮಳೆಗಾಲ ತಡೆಯುತ್ತೋ ಇಲ್ವೋ.

ಸಂಜೆ ಏಳಕ್ಕೆ ಶಿವಪ್ಪ ನಾಯಕ ಸರ್ಕಲ್ಲಿನಿಂದ ಬಜಾರಿನ ಆ ತುದಿವರೆಗೆ ಸುಮ್ನೆ ನಡೆದೆ. ಕೆಳಗೆ ಕಾಲಿಡೋಕೆ ಜಾಗ ಇಲ್ಲ. ತಲೆ ಎತ್ತಿ ನೋಡಿದರೆ ಮೇಲೆ ದೀಪವೇ ಇಲ್ಲ. ಕತ್ತಲೆ ಮಹಡಿಗಳನ್ನು ಎಣಿಸೋಕೆ ಶುರು ಮಾಡಿ ಅರ್ಧಕ್ಕೆ ಬಿಟ್ಟೆ. ಊರಲ್ಲೇ ಅತಿ ದುಬಾರಿ ಜಾಗ, ಅದರಲ್ಲಿ ಅರ್ಧ ಪಾರಿವಾಳಗಳಿಗೆ.

ಅಮೆರಿಕದ ಊರುಗಳಲ್ಲಿ ಹಳೇ ಪೇಟೆಯ ಕಟ್ಟಡ ರಿಪೇರಿ ಮಾಡಿದರೆ ಹತ್ತು ವರ್ಷ ಕಂದಾಯ ಬಿಡುತ್ತಾರಂತೆ. ನಮ್ಮ ಪಾಲಿಕೆಯೂ ಯಾಕೆ ಮಾಡಬಾರದು? ಗಾಂಧಿ ಬಜಾರ್, ಕೋಟೆ ರಸ್ತೆ, ಬಿ.ಬಿ. ರಸ್ತೆ, ದುರ್ಗಿಗುಡಿ ಇಷ್ಟಕ್ಕೆ ಮಾತ್ರ. ಮಹಡಿ ಸರಿ ಮಾಡಿದವರಿಗೆ ಹತ್ತು ವರ್ಷ ಕಂದಾಯ ಇಲ್ಲ. ನಿಮ್ಮ ಅಭಿಪ್ರಾಯ ಏನು? ಬೈಯುವವರೂ ಬರಬಹುದು.

ವಿನೋಬನಗರದವ

ಬೈಯೋಕೆ ನಾನೇ ಮೊದಲು ಬಂದೆ. ಬಜಾರಿನಲ್ಲಿ ಕಟ್ಟಡ ಇರುವವರು ಬಡವರೇನಲ್ಲ. ನಿಮ್ಮ ಕಂದಾಯ ಬಿಟ್ಟರೆ ನಮ್ಮ ಬೀದಿ ಚರಂಡಿಯ ದುಡ್ಡು ಎಲ್ಲಿಂದ ಬರುತ್ತೆ? ನಾನು ಪ್ರತಿ ವರ್ಷ ಏಪ್ರಿಲ್‌ನಲ್ಲೇ ಕಟ್ಟಿ ಶೇ 5 ರಿಯಾಯಿತಿ ತಗೊಳ್ಳುವವನು. ನನ್ನ ಮನೆ ತಾರಸಿ ಸೋರಿದರೆ ಯಾರು ಕಂದಾಯ ಬಿಡ್ತಾರೆ?

ಬಾಡಿಗೆ ಅಂಗಡಿ

ನಾನು ನೆಹರು ರಸ್ತೆಯ ಹತ್ತಿರ ಬಟ್ಟೆ ವ್ಯಾಪಾರ ಮಾಡುತ್ತೇನೆ. ಅಂಗಡಿ ನಮ್ಮದಲ್ಲ. ಅಪ್ಪನ ಕಾಲದಿಂದ ಬಾಡಿಗೆ. ಇಂಥ ಸ್ಕೀಮ್ ಹೆಸರು ಕೇಳಿದರೆ ನಮಗೆ ಹೊಟ್ಟೆಯಲ್ಲಿ ಕಲಸುತ್ತದೆ. 'ಕಟ್ಟಡ ಸರಿ ಮಾಡ್ತೀವಿ, ಆರು ತಿಂಗಳು ಖಾಲಿ ಮಾಡಿ' ಅನ್ನುತ್ತಾರೆ. ಆಮೇಲೆ ಗಾಜಿನ ಬಾಗಿಲು ಬರುತ್ತೆ, ಎಸಿ ಬರುತ್ತೆ, ಬಾಡಿಗೆ ಮೂರು ಪಟ್ಟು ಆಗುತ್ತೆ, ನಾವು ವಾಪಸ್ ಬರಲ್ಲ. ನಮ್ಮ ಪಕ್ಕದವರಿಗೆ ಆಗಿದ್ದು ಇದೇ. ಈಗ ಅವರು ಒಂದು ಬಡಾವಣೆಯಲ್ಲಿ ಮನೆ ಮುಂದಿನ ಶೆಡ್ಡಿನಲ್ಲಿ ವ್ಯಾಪಾರ ಮಾಡುತ್ತಿದ್ದಾರೆ. ಕಂದಾಯ ಉಳಿಯೋದು ಓನರಿಗೆ, ಗಿರಾಕಿ ಕಳೆದುಕೊಳ್ಳೋದು ನಾವು.

ತೀರ್ಥಹಳ್ಳಿ ಟು ಫಿಲಡೆಲ್ಫಿಯಾ

ಆ ಹತ್ತು ವರ್ಷದ ಊರು ಬಹುಶಃ ನಾನಿರುವ ಊರೇ ಇರಬೇಕು. ಇಲ್ಲಿ ನಡೆದದ್ದನ್ನು ಹೇಳುತ್ತೇನೆ, ಯಾಕಂದರೆ ಅರ್ಧ ಕತೆ ಮಾತ್ರ ನಮ್ಮೂರಿಗೆ ಬರುತ್ತದೆ.

ಫಿಲಡೆಲ್ಫಿಯಾದಲ್ಲಿ ಕಾರ್ಖಾನೆಗಳು ಮುಚ್ಚಿ ಜನ ಊರು ಬಿಟ್ಟಿದ್ದರು. ನಡುಪೇಟೆಯ ಹಳೇ ಆಫೀಸು, ಗೋದಾಮುಗಳು ಖಾಲಿ. ಅವನ್ನು ಮನೆಗಳಾಗಿ ಮಾಡುವವರಿಗೆ 1997ರಲ್ಲಿ ಕಂದಾಯ ರಿಯಾಯಿತಿ ಕೊಟ್ಟರು. 2000ದಲ್ಲಿ ಅದನ್ನು ಹೊಸ ಕಟ್ಟಡಗಳಿಗೂ ವಿಸ್ತರಿಸಿದರು. ಗಮನಿಸಿ, ಪೂರ್ತಿ ಕಂದಾಯ ಬಿಡುತ್ತಿರಲಿಲ್ಲ. ಜಾಗದ ಬೆಲೆಯ ಮೇಲಿನ ಕಂದಾಯ ಕಟ್ಟಲೇಬೇಕು. ನೀವು ದುಡ್ಡು ಹಾಕಿ ಏರಿಸಿದ ಬೆಲೆ ಎಷ್ಟೋ, ಅಷ್ಟರ ಮೇಲೆ ಮಾತ್ರ ಹತ್ತು ವರ್ಷ ಬಿಟ್ಟರು.

ನಡುಪೇಟೆಗೆ ಜನ ವಾಪಸ್ ಬಂದರು, ಅದು ನಿಜ. ಆದರೆ ಗಲಾಟೆಯೂ ಬಂತು. ಇಲ್ಲಿ ಆಸ್ತಿ ತೆರಿಗೆಯ ಅರ್ಧಕ್ಕಿಂತ ಜಾಸ್ತಿ, ಸುಮಾರು ಶೇ 55, ಹೋಗೋದು ಸರ್ಕಾರಿ ಶಾಲೆಗಳಿಗೆ. ಅಂದರೆ ಶ್ರೀಮಂತರ ಹೊಸ ಅಪಾರ್ಟ್‌ಮೆಂಟಿಗೆ ಬಿಟ್ಟ ಕಂದಾಯ ಬಡ ಮಕ್ಕಳ ಶಾಲೆಯ ಜೇಬಿನಿಂದ ಹೋಯಿತು. ಜನ ಬೀದಿಗಿಳಿದರು. ಕೊನೆಗೆ 2022ರಿಂದ ಹೊಸ ಮನೆ ಕಟ್ಟುವವರಿಗೆ ರಿಯಾಯಿತಿ ಕತ್ತರಿಸಿದರು. ಮೊದಲ ವರ್ಷ ನೂರಕ್ಕೆ ನೂರು, ಆಮೇಲೆ ವರ್ಷಕ್ಕೆ ಹತ್ತರಂತೆ ಇಳಿಕೆ. ಹಳೇ ಮನೆ ರಿಪೇರಿ ಮಾಡುವವರಿಗೆ ಮಾತ್ರ ಹತ್ತು ವರ್ಷ ಹಾಗೇ ಇಟ್ಟರು. ನನಗೆ ಬುದ್ಧಿವಂತಿಕೆ ಕಂಡದ್ದು ಈ ಕೊನೆಯ ಸಾಲಿನಲ್ಲಿ. ಕೆಡವುವವನಿಗೆ ಕಡಿಮೆ, ಉಳಿಸುವವನಿಗೆ ಜಾಸ್ತಿ.

ಇನ್ನೊಂದು ಮಾತು. ಇಲ್ಲಿ ಕಂದಾಯ ಆಸ್ತಿ ಬೆಲೆಯ ಸುಮಾರು ಶೇ 1.4. ಒಂದು ಕೋಟಿ ರೂಪಾಯಿಯ ಕಟ್ಟಡಕ್ಕೆ ವರ್ಷಕ್ಕೆ 1.4 ಲಕ್ಷ ಅಂದುಕೊಳ್ಳಿ. ಹತ್ತು ವರ್ಷ ಉಳಿಸಿದರೆ ಅದು ದುಡ್ಡೇ. ಮೊಮ್ಮಗ ಅವರೇ, ನೀವು ವರ್ಷಕ್ಕೆ ಎಷ್ಟು ಕಟ್ಟುತ್ತೀರಿ?

ಬೆಲ್ಲದಂಗಡಿ ಮೊಮ್ಮಗ

ಒಳ್ಳೆ ಪ್ರಶ್ನೆ ಕೇಳಿದಿರಿ. ಚಲನ್ ಹುಡುಕಿ ತೆಗೆದೆ. ಸೆಸ್ ಎಲ್ಲಾ ಸೇರಿ 11,460 ರೂಪಾಯಿ.

ಮಾಡು ಬಿಚ್ಚಿ ಹೊಸ ಪಕಾಸು, ರೀಪು, ಹಂಚು ಹಾಕಿ, ಮೆಟ್ಟಿಲು, ವೈರಿಂಗ್, ಒಂದು ಬಾತ್‌ರೂಮ್ ಮಾಡಿಸೋಕೆ ಪರಿಚಯದ ಮೇಸ್ತ್ರಿ ಹೇಳಿದ್ದು 13 ಲಕ್ಷ. ಹತ್ತು ವರ್ಷ ಪೂರ್ತಿ ಕಂದಾಯ ಬಿಟ್ಟರೂ ನನಗೆ ಉಳಿಯೋದು ಒಂದು ಲಕ್ಷ ಹದಿನೈದು ಸಾವಿರದ ಹತ್ತಿರ. ಮೇಸ್ತ್ರಿ ಎಸ್ಟಿಮೇಟ್ ತಪ್ಪುವುದೇ ಅದಕ್ಕಿಂತ ಜಾಸ್ತಿ.

ವಿನೋಬನಗರದವ

ಹಾಗಾದರೆ ಚರ್ಚೆ ಮುಗೀತಲ್ಲ ಮಾರಾಯ್ರೆ. 😄

ಚಲನ್ ಬರೆದ ಕೈ

ಮುಗಿದಿಲ್ಲ ಸರ್, ಈಗ ಶುರು. ನಾನು ಬೇರೆ ಬೇರೆ ಊರಿನ ಪುರಸಭೆ, ನಗರಸಭೆಗಳ ಕಂದಾಯ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವನು. ಬಿಲ್ ಕಲೆಕ್ಟರ್ ಆಗಿ ಸೇರಿದ್ದು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲನೆಯದು, ಪಾಲಿಕೆಗೆ ಇಷ್ಟ ಬಂದವರ ಕಂದಾಯ ಬಿಡೋಕೆ ಆಗಲ್ಲ. 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲಿ ಯಾರಿಗೆ ವಿನಾಯಿತಿ ಅಂತ ಬರೆದಿದೆ. ದೇವಸ್ಥಾನ, ಮಸೀದಿ, ಚರ್ಚು ಇಂಥವು. ಆ ಪಟ್ಟಿಗೆ 'ಹಳೇ ಪೇಟೆಯ ಮಹಡಿ' ಸೇರಬೇಕಾದರೆ ಬೆಂಗಳೂರಿನಲ್ಲಿ ಕಾಯ್ದೆ ಬದಲಾಗಬೇಕು. ಪಾಲಿಕೆ ಸಭೆಯಲ್ಲಿ ಕೈ ಎತ್ತಿ ಮುಗಿಸುವ ವಿಷಯ ಅಲ್ಲ. ಪಾಲಿಕೆಯ ಕೈಯಲ್ಲಿರೋದು ಕಾಯ್ದೆ ಹೇಳಿದ ಕನಿಷ್ಠ, ಗರಿಷ್ಠ ದರಗಳ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದು.

ಎರಡನೆಯದು ಯಾರೂ ಮಾತಾಡದ ವಿಷಯ. 15ನೇ ಹಣಕಾಸು ಆಯೋಗ ಊರುಗಳಿಗೆ ಅನುದಾನ ಕೊಡುವಾಗ ಒಂದು ಷರತ್ತು ಹಾಕಿತು. ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತು ಮಾಡಿರಬೇಕು, ಮತ್ತು ವಸೂಲಿ ರಾಜ್ಯದ ಆರ್ಥಿಕ ಬೆಳವಣಿಗೆಯ ಜೊತೆಗೇ ಏರುತ್ತಿರಬೇಕು. ಏರದಿದ್ದರೆ ಅನುದಾನಕ್ಕೆ ಕುತ್ತು ಅಂತಿತ್ತು. ಅಂದರೆ ದೆಹಲಿ ಹೇಳೋದು 'ಜಾಸ್ತಿ ವಸೂಲಿ ಮಾಡು', ನೀವು ಹೇಳೋದು 'ಬಿಡು'. ಕಮಿಷನರ್ ಕುರ್ಚಿಯಲ್ಲಿ ಕೂತವರು ಯಾರ ಮಾತು ಕೇಳ್ತಾರೆ?

ಮೂರನೆಯದು ಸೆಸ್. ನಿಮ್ಮ ಚಲನ್ ಇನ್ನೊಮ್ಮೆ ನೋಡಿ. ಕಂದಾಯದ ಕೆಳಗೆ ಗ್ರಂಥಾಲಯ ಶೇ 6, ಭಿಕ್ಷುಕರ ಸೆಸ್ ಶೇ 3, ಆರೋಗ್ಯ ಶೇ 15 ಅಂತ ಇರುತ್ತೆ. ಇದು ಪಾಲಿಕೆಯ ದುಡ್ಡಲ್ಲ. ವಸೂಲಿ ಮಾಡಿ ಆಯಾ ಇಲಾಖೆಗೆ ದಾಟಿಸಬೇಕು. ಕಂದಾಯ ಸೊನ್ನೆಯಾದರೆ ಲೈಬ್ರರಿಯ ಪಾಲೂ ಸೊನ್ನೆ. ಫಿಲಡೆಲ್ಫಿಯಾದವರು ಶಾಲೆ ಅಂದರಲ್ಲ, ನಮ್ಮಲ್ಲಿ ಅದು ಲೈಬ್ರರಿ.

ಒಂದು ವಿಚಿತ್ರ ಹೇಳಲೇಬೇಕು. ಈಗಿನ ಲೆಕ್ಕದಲ್ಲಿ ಹಾಳುಬಿದ್ದ ಕಟ್ಟಡಕ್ಕೇ ಲಾಭ. 2021ರ ತಿದ್ದುಪಡಿ ಆದ ಮೇಲೆ ಕಂದಾಯ ನಿಂತಿರೋದು ಸಬ್‌ರಿಜಿಸ್ಟ್ರಾರ್ ಕಚೇರಿಯ ಗೈಡೆನ್ಸ್ ವ್ಯಾಲ್ಯೂ, ಅಂದರೆ ಸರ್ಕಾರ ಗೊತ್ತು ಮಾಡಿದ ಆಸ್ತಿ ಬೆಲೆ ಮೇಲೆ. ಹಳೇ ಕಟ್ಟಡಕ್ಕೆ ವಯಸ್ಸಿನ ಸವಕಳಿ ಕಳೆಯುತ್ತಾರೆ. ಕೆಡವಿ ಹೊಸದು ಕಟ್ಟಿದರೆ ಸವಕಳಿ ಹೋಯಿತು. ವಾಸದ ಮಹಡಿಯನ್ನು ಆಫೀಸು ಮಾಡಿದರೆ ವಾಣಿಜ್ಯ ದರ ಬಂತು. ಸುಮ್ಮನೆ ಬೀಗ ಹಾಕಿಟ್ಟವನೇ ಜಾಣ. ಹತ್ತು ವರ್ಷ ಪೂರ್ತಿ ಬಿಡಿ ಅಂತ ಕೇಳುವ ಬದಲು, 'ರಿಪೇರಿ ಮಾಡಿದ್ದಕ್ಕೆ ಐದು ವರ್ಷ ಏರಿಸಬೇಡಿ' ಅಂತ ಕೇಳಿ. ಅದು ಸಣ್ಣ ಬೇಡಿಕೆ. ಪಾಲಿಕೆಗೆ ಈಗ ಬರುತ್ತಿರುವ ಒಂದು ರೂಪಾಯಿಯೂ ಕಡಿಮೆಯಾಗಲ್ಲ.

ತೀರ್ಥಹಳ್ಳಿ ಟು ಫಿಲಡೆಲ್ಫಿಯಾ

ಫಿಲಡೆಲ್ಫಿಯಾದಲ್ಲಿ ಮಾಡಿದ್ದೂ ಇದೇ ಸರ್, ಏರಿದ ಭಾಗಕ್ಕೆ ಮಾತ್ರ ಬಿಡುವುದು. ನಾನು ಎಂಟು ಸಾಲಿನಲ್ಲಿ ಹೇಳಿದ್ದನ್ನು ನೀವು ಒಂದು ಸಾಲಿನಲ್ಲಿ ಹೇಳಿದಿರಿ.

ನಕ್ಷೆ ಪೆನ್ಸಿಲ್

ಎಲ್ಲರೂ ಕಂದಾಯದ ಹಿಂದೆ ಬಿದ್ದಿದ್ದೀರಿ. ನಾನು ಪ್ಲಾನ್ ಹಾಕುವವನು, ದಿನಾ ನೋಡುವುದನ್ನು ಹೇಳುತ್ತೇನೆ. ಗಾಂಧಿ ಬಜಾರಿನ ಓನರ್ ಯಾಕೆ ಕಟ್ಟುತ್ತಿಲ್ಲ ಗೊತ್ತಾ? ಕಟ್ಟೋಕೆ ಜಾಗವೇ ಉಳಿಯಲ್ಲ.

ಒಂದು ಮಾದರಿ ಹೇಳ್ತೀನಿ. ಮುಂದೆ 14 ಅಡಿ, ಹಿಂದಕ್ಕೆ 80 ಅಡಿ. ರೈಲು ಬೋಗಿ ಇದ್ದ ಹಾಗೆ. ಎರಡೂ ಪಕ್ಕ ಪಕ್ಕದ ಮನೆಯವರ ಗೋಡೆ, ಬಹಳ ಕಡೆ ಒಂದೇ ಗೋಡೆ ಇಬ್ಬರಿಗೆ. ಮುಂದೆ ಅಂಗಡಿ, ನಡುವೆ ಉಗ್ರಾಣ, ಹಿಂದೆ ಮನೆ, ಬಾವಿ, ಕೊನೆಗೆ ಕನ್ಸರ್ವೆನ್ಸಿ ಅನ್ನೋ ಹಿಂದಿನ ಓಣಿ. ಇದನ್ನು ಕೆಡವಿದ ಕ್ಷಣ ಇವತ್ತಿನ ನಿಯಮ ಬರುತ್ತೆ. ಮುಂದೆ ಸೆಟ್‌ಬ್ಯಾಕ್ ಬಿಡಿ, ಪಕ್ಕ ಬಿಡಿ, ಕಾರ್ ಪಾರ್ಕಿಂಗ್ ತೋರಿಸಿ. 14 ಅಡಿಯಲ್ಲಿ ಎರಡು ಪಕ್ಕ ಮೂರು ಮೂರು ಅಡಿ ಬಿಟ್ಟರೆ ಉಳಿಯೋದು 8 ಅಡಿ. ಅದರಲ್ಲಿ ಮೆಟ್ಟಿಲಿಗೆ ಮೂರು. ಮಿಕ್ಕದ್ದರಲ್ಲಿ ಏನು ವ್ಯಾಪಾರ ಮಾಡ್ತೀರಿ, ಬೀಡಾ ಅಂಗಡಿಯಾ?

ಹೀಗಾಗಿ ಮೂರು ದಾರಿ. ಒಂದು, ಏನೂ ಮಾಡದೆ ಬಿಡೋದು. ಎರಡು, 'ರಿಪೇರಿ' ಅಂತ ಹೇಳಿ ರಾತ್ರೋರಾತ್ರಿ ಒಳಗಿಂದ ಪಿಲ್ಲರ್ ಎಬ್ಬಿಸೋದು. ಪಕ್ಕದವರ ಗೋಡೆ ಬಿರುಕು ಬಿಡುತ್ತೆ, ಕೋರ್ಟು, ಕಚೇರಿ. ಮೂರು, ನಾಲ್ಕೈದು ಸೈಟು ಒಬ್ಬನೇ ಕೊಂಡು ಸೇರಿಸಿ ದೊಡ್ಡ ಕಾಂಪ್ಲೆಕ್ಸ್ ಎಬ್ಬಿಸೋದು. ಆಗ ನಿಯಮ ಎಲ್ಲಾ ಸರಿಹೋಗುತ್ತೆ, ಆದರೆ ಬಜಾರು ಹೋಗುತ್ತೆ. ನಾವು ಬರೆದಿರುವ ನಿಯಮವೇ ದೊಡ್ಡ ಕುಳಕ್ಕೆ ದಾರಿ ಬಿಟ್ಟು ಸಣ್ಣ ಓನರನ್ನು ತಡೆಯುತ್ತಿದೆ.

ಪಾರ್ಕಿಂಗ್ ತೋರಿಸಬೇಕು ಅನ್ನುವುದನ್ನು ಹಳೇ ಪೇಟೆಯ ಸಣ್ಣ ಸೈಟುಗಳಿಗೆ ಬಿಟ್ಟುಬಿಡಿ. ಇದ್ದ ಪಾಯದ ಮೇಲೆ, ಇದ್ದ ಎತ್ತರಕ್ಕೆ ಕಟ್ಟಿಕೊಳ್ಳೋಕೆ ಬಿಡಿ. ಇದರಿಂದ ಖಜಾನೆಗೆ ನಷ್ಟವೂ ಇಲ್ಲ.

ವಿನೋಬನಗರದವ

ಪಾರ್ಕಿಂಗ್ ಬಿಟ್ಟರೆ ಕಾರು ಎಲ್ಲಿ ನಿಲ್ಲಿಸ್ತಾರೆ? ನನ್ನ ತಲೆ ಮೇಲಾ? ಈಗಲೇ ಶನಿವಾರ ಬಿ.ಎಚ್. ರಸ್ತೆ ದಾಟೋಕೆ ಹತ್ತು ನಿಮಿಷ.

ನಕ್ಷೆ ಪೆನ್ಸಿಲ್

14 ಅಡಿ ಅಂಗಡಿ ಮುಂದೆ ಪಾರ್ಕಿಂಗ್ ಮಾಡಿದರೆ ಎಷ್ಟು ಕಾರು ನಿಲ್ಲುತ್ತೆ ಸರ್? ಒಂದು. ಅದೂ ಓನರದ್ದು. ಬಜಾರಿಗೆ ಬರುವವರು ಬಸ್ಸಿನಲ್ಲಿ, ಸ್ಕೂಟರಿನಲ್ಲಿ, ನಡೆದು ಬರುತ್ತಾರೆ. ಸಾಗರ ರಸ್ತೆಯ ಎಪಿಎಂಸಿಯಲ್ಲಿ ಅಡಿಕೆ ಮಾರಿ, ಆಟೋ ಹಿಡಿದು ಬಜಾರಿಗೆ ಬಂದು, ಮಗಳ ಮದುವೆಗೆ ಬೆಳ್ಳಿ ಸಾಮಾನು ತಗೊಂಡು ಬಸ್ಸು ಹತ್ತುವವರನ್ನು ನೀವು ನೋಡಿಲ್ವಾ?

ಬಾಡಿಗೆ ಅಂಗಡಿ

ಇದು ನಿಜ. ನಮ್ಮ ಗಿರಾಕಿಗಳಲ್ಲಿ ಹತ್ತಕ್ಕೆ ಒಬ್ಬರೂ ಕಾರಿನವರಲ್ಲ. ಕಾರಿನವರು ಕಾರಲ್ಲೇ ಕೂತು 'ಡಿಸೈನ್ ತಂದು ತೋರಿಸಿ' ಅನ್ನುತ್ತಾರೆ.

ಎಕನಾಮಿಕ್ಸ್ ಮೇಷ್ಟ್ರು

ತಡವಾಗಿ ಬಂದೆ. ಅಮೆರಿಕದ ಇನ್ನೊಂದು ಉಪಾಯವನ್ನು ಇಲ್ಲಿ ಯಾರಾದರೂ ಎತ್ತುವ ಮೊದಲೇ ನಾನೇ ಎತ್ತಿ ಕೆಳಗಿಡುತ್ತೇನೆ. ಅದರ ಹೆಸರು ಟಿಫ್, ಅಂದರೆ ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್.

ಲೆಕ್ಕ ಸುಲಭ. ಒಂದು ಪೇಟೆಗೆ ಗೆರೆ ಎಳೆಯುತ್ತಾರೆ. ಇವತ್ತು ಅಲ್ಲಿಂದ ಬರುವ ಕಂದಾಯ 100 ರೂಪಾಯಿ ಅಂದುಕೊಳ್ಳಿ. ಆ 100 ಎಂದಿನಂತೆ ಎಲ್ಲರಿಗೂ ಹಂಚಿಕೆಯಾಗುತ್ತದೆ. ಮುಂದೆ ಅದು 160 ಆದರೆ ಮೇಲಿನ 60 ಆ ಪೇಟೆಯಲ್ಲೇ ಖರ್ಚಾಗಬೇಕು. ರಸ್ತೆ, ದೀಪ, ಚರಂಡಿ, ಕೆಲವೊಮ್ಮೆ ಬಿಲ್ಡರಿಗೆ ಸಹಾಯ. ಮುಂದೆ ಬರುವ ದುಡ್ಡು ನಂಬಿ ಇವತ್ತು ಸಾಲ ಮಾಡುತ್ತಾರೆ. 1952ರಲ್ಲಿ ಕ್ಯಾಲಿಫೋರ್ನಿಯಾ ಶುರು ಮಾಡಿತು. ಶಿಕಾಗೋದಲ್ಲಿ 1984ರಿಂದ ಇದೆ, ಒಂದು ಗೆರೆ 23 ವರ್ಷ ಇರುತ್ತದೆ.

ಎಲ್ಲಿ ಕೆಟ್ಟಿತು ಅಂದರೆ, ಗೆರೆ ಎಳೆಯಬೇಕಾದರೆ ಆ ಜಾಗ 'ಹಾಳುಬಿದ್ದಿದೆ' ಅಂತ ತೋರಿಸಬೇಕು. ಶಿಕಾಗೋದ ನಟ್ಟನಡುವಿನ ಪೇಟೆಗೂ ಈ ಗೆರೆ ಬಿತ್ತು. ನಮ್ಮ ನೆಹರು ರಸ್ತೆಯನ್ನು ಹಾಳೂರು ಅಂದ ಹಾಗೆ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ನಡೆಸುವ ಸಂಸ್ಥೆಗಳು 400ರಷ್ಟಾದವು. ಶಾಲೆಗೆ ಹೋಗಬೇಕಾದ ದುಡ್ಡು ಗೆರೆಯೊಳಗೆ ಸಿಕ್ಕಿಕೊಂಡಿತು. ರಾಜ್ಯದ ಖಜಾನೆ ಖಾಲಿಯಾದಾಗ ಗವರ್ನರ್ ಜೆರ್ರಿ ಬ್ರೌನ್ 2011ರಲ್ಲಿ ಕಾನೂನು ತಂದರು, 2012ರ ಫೆಬ್ರವರಿ 1ಕ್ಕೆ ಎಲ್ಲವನ್ನೂ ಮುಚ್ಚಿದರು. ಶುರು ಮಾಡಿದವರೇ ಮುಚ್ಚಿದರು, ಅರವತ್ತು ವರ್ಷದ ಮೇಲೆ.

ನಮ್ಮಲ್ಲಿ ಇನ್ನೂ ತಮಾಷೆ ಆಗುತ್ತೆ. ನಮ್ಮ ಕಂದಾಯ ಪ್ರತಿ ವರ್ಷ ಶೇ 3ರಿಂದ 5 ಹೇಗೂ ಏರುತ್ತದೆ. ಬಜಾರಿನಲ್ಲಿ ಯಾರೂ ಒಂದು ಇಟ್ಟಿಗೆ ಇಡದಿದ್ದರೂ 'ಹೆಚ್ಚಳ' ಬರುತ್ತದೆ. ಆ ದುಡ್ಡು ಬಜಾರಿಗೇ ಅಂತ ಬರೆದುಬಿಟ್ಟರೆ ವಿನೋಬನಗರದವರು ಬೈಯುವುದು ನ್ಯಾಯವೇ.

ನನಗೆ ಅಲ್ಲಿಯದರಲ್ಲಿ ಇಷ್ಟವಾದದ್ದು ಬೇರೆ. ಹಳೇ ಐತಿಹಾಸಿಕ ಕಟ್ಟಡ ನಿಯಮದ ಪ್ರಕಾರ ದುರಸ್ತಿ ಮಾಡಿದರೆ, ಖರ್ಚಿನ ಶೇ 20ರಷ್ಟನ್ನು ಮಾಲೀಕರು ಕೇಂದ್ರಕ್ಕೆ ಕಟ್ಟುವ ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. 1976ರಿಂದ ಇಂಥ ಕಾನೂನಿದೆ, ಶೇ 20 ಅಂತ ನಿಂತಿದ್ದು 1986ರಲ್ಲಿ. ಊರಿನ ಕಂದಾಯಕ್ಕೆ ಕೈ ಹಾಕಲ್ಲ. ಖರ್ಚು ಮಾಡಿ ಕೆಲಸ ಮುಗಿಸಿದ ಮೇಲೇ ಲಾಭ. ಮೊಮ್ಮಗನ 13 ಲಕ್ಷಕ್ಕೆ 2.6 ಲಕ್ಷ ಆಗುತ್ತಿತ್ತು. ಒಂದು ಲಕ್ಷ ಹದಿನೈದು ಸಾವಿರಕ್ಕೆ ಹೋಲಿಸಿ.

ಬೆಲ್ಲದಂಗಡಿ ಮೊಮ್ಮಗ

ಅಷ್ಟು ಆದಾಯ ತೆರಿಗೆ ಕಟ್ಟುವವನಾಗಿದ್ದರೆ ನಾನು ಮಂಗಗಳಿಗೆ ಮಹಡಿ ಬಿಡ್ತಿದ್ನಾ ಮೇಷ್ಟ್ರೇ.

ಮೈಸೂರಲ್ಲಿದ್ದೆ

ನಗುವಂತೆ ಬರೆದಿದ್ದೀರಿ, ಆದರೆ ಆ ಕಪ್ಪಾದ ಪಕಾಸಿನ ಕೆಳಗೆ ಪಾತ್ರೆ ಅಂಗಡಿ ಇದೆ ಅನ್ನೋದನ್ನು ಮರೆಯಬೇಡಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ಕು ಜನ ಹೋದರು. ಅಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದವು, ನಾನು ಕಾಲೇಜಿಗೆ ಹೋಗುವಾಗ ಸೆಕೆಂಡ್ ಹ್ಯಾಂಡ್ ಪುಸ್ತಕ ತಗೊಳ್ಳುತ್ತಿದ್ದೆ. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಶುರುವಾಯಿತು, ಕೆಡವಬೇಕೋ ಉಳಿಸಬೇಕೋ ಅನ್ನುವ ಜಗಳ. ವರ್ಷಗಟ್ಟಲೆ ಎಳೆಯಿತು. ಅವು ಸರ್ಕಾರದ ಕಟ್ಟಡಗಳು, ಒಬ್ಬರೇ ಓನರು. ಆದರೂ ಆಗಲಿಲ್ಲ. ನಿಮ್ಮಲ್ಲಿ ಓನರು ಎಷ್ಟು ಜನ?

ಬೆಲ್ಲದಂಗಡಿ ಮೊಮ್ಮಗ

ಹನ್ನೊಂದು.

ಇಲ್ಲಿಯವರೆಗೆ ಹೇಳದೆ ಇದ್ದೆ, ಈಗ ಹೇಳ್ತೀನಿ. ಕಟ್ಟಡದ ಖಾತೆ ಇನ್ನೂ ತಾತನ ಹೆಸರಲ್ಲೇ ಇದೆ. ತಾತ ತೀರಿಕೊಂಡದ್ದು 1994ರಲ್ಲಿ. ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿಲ್ಲ. ದೊಡ್ಡಪ್ಪ, ಅಪ್ಪ ಇಬ್ಬರೂ ಈಗಿಲ್ಲ. ಚಿಕ್ಕಪ್ಪ, ಇಬ್ಬರು ಅತ್ತೆಯರು, ದೊಡ್ಡಪ್ಪನ ಕಡೆ ದೊಡ್ಡಮ್ಮ, ನಾಲ್ಕು ಮಕ್ಕಳು, ನಮ್ಮ ಕಡೆ ಅಮ್ಮ, ನಾನು, ತಂಗಿ. ಅತ್ತೆಯೊಬ್ಬರು 'ಬಜಾರಿನ ಜಾಗ ಚಿನ್ನ, ಮುಟ್ಟಬೇಡಿ' ಅನ್ನುತ್ತಾರೆ. ದೊಡ್ಡಪ್ಪನ ಮಗನೊಬ್ಬ ಮಾರೋಣ ಅನ್ನುತ್ತಾನೆ. ಬ್ಯಾಂಕಿಗೆ ಹೋದರೆ ತಾತನ ಹೆಸರಿನ ಖಾತೆಗೆ ಸಾಲ ಕೊಡಲ್ಲ. ನನ್ನ ಜೇಬಿಂದ 13 ಲಕ್ಷ ಹಾಕಿದರೆ ಹನ್ನೊಂದರಲ್ಲಿ ಒಂದು ಪಾಲೂ ಪೂರ್ತಿ ನನ್ನದಲ್ಲ.

ಹಾಗಾಗಿ ಕಂದಾಯ ಬಿಟ್ಟರೂ ಬಿಡದಿದ್ದರೂ ನನ್ನ ಮಾಡು ಹೀಗೇ ಇರುತ್ತಿತ್ತು. ಚಲನ್ ಬರೆದ ಸರ್ ಕೇಳದೇ ಇದ್ದದ್ದು ಪುಣ್ಯ.

ಚಲನ್ ಬರೆದ ಕೈ

ಕೇಳಬೇಕಿರಲಿಲ್ಲ, ಗೊತ್ತಿತ್ತು. ಹಳೇ ಪೇಟೆಯ ವಾರ್ಡಿಗೆ ಹೋದರೆ ಡಿಮ್ಯಾಂಡ್ ರಿಜಿಸ್ಟರಿನಲ್ಲಿ ಅರ್ಧ ಜನ ಸತ್ತವರೇ ಇರುತ್ತಿದ್ದರು. ಬಾಗಿಲು ತಟ್ಟಿ ಹೆಸರು ಕೂಗಿದರೆ ಒಳಗಿಂದ ಮೊಮ್ಮಕ್ಕಳು ಬರೋರು. ಕಟ್ಟಡ ಬೀಳದಂತೆ ತಡೆಯಬೇಕಾದರೆ ಮೊದಲು ಖಾತೆ ಎದ್ದು ನಿಲ್ಲಬೇಕು. ವಾರ್ಡಿನಲ್ಲೇ ಒಂದು ಟೇಬಲ್ ಹಾಕಿ, ಪೌತಿ ಖಾತೆ ಮಾಡಿಸಿಕೊಟ್ಟರೆ ಅರ್ಧ ಕೆಲಸ. ರಿಯಾಯಿತಿ ಕೊಡಲೇಬೇಕು ಅಂದರೆ ಅದನ್ನು ಪಾಲು ಪತ್ರ, ಹಕ್ಕು ಬಿಡುಗಡೆ ಪತ್ರದ ಖರ್ಚಿನಲ್ಲಿ ಕೊಡಿ. ಮೊದಲೇ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಏರಿಸಿದ್ದಾರೆ. ಒಬ್ಬರ ಪಾಲು ಇನ್ನೊಬ್ಬರು ಕೊಂಡು ಒಂದೇ ಕೈಗೆ ತರೋಣ ಅನ್ನುವವರಿಗೆ ಇದೇ ದೊಡ್ಡ ಗೋಡೆ. ಅದು ರಾಜ್ಯದ ದುಡ್ಡು, ಪಾಲಿಕೆಯ ಚರಂಡಿ ದುಡ್ಡಲ್ಲ. ವಿನೋಬನಗರದವರು ಬೈಯಲ್ಲ.

ವಿನೋಬನಗರದವ

ಬೈಯಲ್ಲ. ಆದರೆ ಒಂದು ನೆನಪಿಸ್ತೀನಿ. 2016ರಲ್ಲಿ ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಬಂತು. ಒಂದೊಂದು ಊರಿಗೆ ಕೇಂದ್ರದ್ದು 500 ಕೋಟಿ, ಅಷ್ಟೇ ರಾಜ್ಯದ್ದು ಅಂತ ಸ್ಕೀಮು. ವರ್ಷಗಟ್ಟಲೆ ಅಗೆದರು, ಧೂಳು ಕುಡಿದೆವು. ಫುಟ್‌ಪಾತ್ ಬಂತು, ದೀಪ ಬಂತು, ನೆಲದಡಿ ಕೇಬಲ್ ಬಂತು. ಹೊರಗೆ ಇಷ್ಟೆಲ್ಲ ಆದರೂ ಮೇಲಿನ ಮಹಡಿಗೆ ದೀಪ ಬರಲಿಲ್ಲ ಅಂದರೆ ತೊಂದರೆ ಒಳಗೇ ಇದೆ ಅಂತ ನನಗೆ ಈಗ ಅನಿಸ್ತಿದೆ.

ಮಹಡಿ ಹುಡುಕುತ್ತಿರುವವಳು

ಮೂರು ದಿನದಿಂದ ಓದುತ್ತಿದ್ದೇನೆ, ಬರೆದಿರಲಿಲ್ಲ. ನಾನು ಬ್ಲೌಸ್ ಹೊಲಿಯುತ್ತೇನೆ. ಈಗ ಮನೆಯಲ್ಲೇ ಆರು ಹುಡುಗಿಯರಿಗೆ ಕಲಿಸುತ್ತೇನೆ. ಗಾಂಧಿ ಬಜಾರಿನಲ್ಲಿ ಮಹಡಿ ಸಿಕ್ಕರೆ ಸಾಕು. ಬಟ್ಟೆ ತಗೊಂಡವರು ಮೇಲೆ ಬಂದು ಅಳತೆ ಕೊಟ್ಟು ಹೋಗುತ್ತಾರೆ. ನಾಲ್ಕು ತಿಂಗಳು ಹುಡುಕಿದೆ. ಏಳೆಂಟು ಮಹಡಿ ನೋಡಿದೆ. ಬಾಡಿಗೆ ಒಂದು ಕಡೆಯೂ ತಕರಾರು ಆಗಲಿಲ್ಲ. ತಕರಾರು ಎರಡೇ. ಒಂದು, ಮೇಲೆ ಹೋಗುವ ಮೆಟ್ಟಿಲು ಕೆಳಗಿನ ಅಂಗಡಿಯ ಒಳಗಿಂದ. ಅವರು ಎಂಟಕ್ಕೆ ಶಟರ್ ಎಳೆದರೆ ನಾವು ಒಳಗೇ. ಅಂಗಡಿಯವರಿಗೂ ಅಪರಿಚಿತ ಹೆಂಗಸರು ಕೌಂಟರ್ ದಾಟಿ ಓಡಾಡೋದು ಇಷ್ಟ ಇಲ್ಲ. ಎರಡು, ಟಾಯ್ಲೆಟ್ ಇಲ್ಲ. 'ಕೆಳಗೆ ಹಿಂದುಗಡೆ ಇದೆ' ಅನ್ನುತ್ತಾರೆ. ಹಿಂದುಗಡೆ ಅಂದರೆ ಗಂಡಸರು ಕನ್ಸರ್ವೆನ್ಸಿಯಲ್ಲಿ ಗೋಡೆಗೆ ನಿಲ್ಲುವ ಜಾಗ.

ನಿಮ್ಮ ಕಂದಾಯ, ಟಿಫ್, ಇಪ್ಪತ್ತು ಪರ್ಸೆಂಟ್ ನನಗೆ ಗೊತ್ತಾಗಲ್ಲ. ಕನ್ಸರ್ವೆನ್ಸಿ ಕಡೆಯಿಂದ ಒಂದು ಕಬ್ಬಿಣದ ಮೆಟ್ಟಿಲು, ಅಲ್ಲೊಂದು ಲೈಟು, ಮೇಲೊಂದು ಟಾಯ್ಲೆಟ್. ಇಷ್ಟಿದ್ದ ದಿನ ಅಡ್ವಾನ್ಸ್ ಕೊಡೋಕೆ ನಾನು ರೆಡಿ.

ನಕ್ಷೆ ಪೆನ್ಸಿಲ್

ಮೇಡಂ, ನಾನು ಅಷ್ಟುದ್ದ ಬರೆದು ಬಿಟ್ಟುಹೋದದ್ದು ಇದೇ. ಹಿಂದಿನ ಮೆಟ್ಟಿಲು! ಕನ್ಸರ್ವೆನ್ಸಿ ಪಾಲಿಕೆಯ ಜಾಗ. ಅಲ್ಲಿಗೆ ಬಾಗಿಲು, ಮೆಟ್ಟಿಲು ಇಳಿಸೋಕೆ ಅನುಮತಿ ಬೇಕು, ಲಾರಿ ಹೋಗುವಷ್ಟು ದಾರಿ ಬಿಡಬೇಕು. ನಿಮ್ಮ ಸೈಟಿನ ಹಿಂದೆ ಬಾವಿ ಕಟ್ಟೆ ಇದ್ದರೆ ಮೆಟ್ಟಿಲನ್ನು ಒಳಗೇ ಕೂರಿಸಬಹುದು. ಹತ್ತು ಓನರು ಸೇರಿ ಒಂದೇ ಅರ್ಜಿ ಹಾಕಿದರೆ ಆಗುವ ಕೆಲಸ.

ಬಾಡಿಗೆ ಅಂಗಡಿ

ಮೆಟ್ಟಿಲು ಹಿಂದಿನಿಂದ ಆದರೆ ಕೆಳಗಿನವರಿಗೆ ಖಾಲಿ ಮಾಡಿ ಅನ್ನುವ ಮಾತೇ ಬರಲ್ಲ. ನನ್ನ ಒಪ್ಪಿಗೆ ಇದೆ. ಆದರೂ ಒಂದು ಸಾಲು ಸೇರಿಸಿ. ಯಾವುದೇ ರಿಯಾಯಿತಿ ಪಡೆದ ಓನರು ಆ ಐದು ವರ್ಷ ಇದ್ದ ಬಾಡಿಗೆಯವರನ್ನು ಎಬ್ಬಿಸಬಾರದು. ಎಬ್ಬಿಸಿದರೆ ಬಿಟ್ಟ ದುಡ್ಡು ಬಡ್ಡಿ ಸಮೇತ ವಾಪಸ್. ಕಂದಾಯ ತಡವಾದರೆ ತಿಂಗಳಿಗೆ ಶೇ 2 ಹಾಕ್ತಾರಲ್ಲ, ಅದೇ ಬಡ್ಡಿ.

ಮತ್ತೆ ಮಾರಿಕಾಂಬಾ ಜಾತ್ರೆಯ ವರ್ಷ ಕೆಲಸ ಶುರು ಮಾಡಬೇಡಿ. ಮೊದಲ ದಿನ ಅಮ್ಮ ಬಜಾರಲ್ಲೇ ಕೂರೋದು. ಜಲ್ಲಿ ರಾಶಿ ಹಾಕಿದರೆ ಊರೇ ಬೈಯುತ್ತೆ.

ಎಕನಾಮಿಕ್ಸ್ ಮೇಷ್ಟ್ರು

ಬಡ್ಡಿ ಸಮೇತ ವಾಪಸ್ ಅನ್ನೋದು ಅಮೆರಿಕದಲ್ಲೂ ಕೆಲವು ಒಪ್ಪಂದಗಳಲ್ಲಿ ಇರುತ್ತದೆ. ನಿಮಗೆ ಯಾರೂ ಹೇಳಿಕೊಡದೆ ಹೊಳೆದಿದೆ.

ಬೆಲ್ಲದಂಗಡಿ ಮೊಮ್ಮಗ

ನಿನ್ನೆ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿ ಇಷ್ಟನ್ನೂ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, 'ಹೊಲಿಗೆಯವರು ಎಷ್ಟು ಅಡ್ವಾನ್ಸ್ ಕೊಡ್ತಾರಂತೆ?' ಅಂತ ಕೇಳಿದರು. ಅವರು ಮಹಡಿ ಬಗ್ಗೆ ಪ್ರಶ್ನೆ ಕೇಳಿದ್ದು ಇದೇ ಮೊದಲು. ಪೌತಿ ಖಾತೆಗೆ ಬೇಕಾದ ವಂಶವೃಕ್ಷಕ್ಕೆ ಓಡಾಡುವುದು ನಾನು ಅಂತ ಒಪ್ಪಿಕೊಂಡಿದ್ದೇನೆ. ಅತ್ತೆಯ ಜೊತೆ ಮಾತಾಡೋದು ಅವರು.

ಕಂದಾಯ ಹತ್ತು ವರ್ಷ ಬಿಡಿ ಅನ್ನುವ ನನ್ನ ಮೊದಲಿನ ಮಾತು ವಾಪಸ್ ತಗೊಂಡೆ. ರಿಪೇರಿಗೆ ಕಂದಾಯ ಏರಿಸಬೇಡಿ, ಸಣ್ಣ ಸೈಟಿಗೆ ಪಾರ್ಕಿಂಗ್ ಕೇಳಬೇಡಿ, ಹಿಂದಿನ ಮೆಟ್ಟಿಲಿಗೆ ಅನುಮತಿ ಕೊಡಿ, ಬಾಡಿಗೆಯವರನ್ನು ಎಬ್ಬಿಸಿದರೆ ವಾಪಸ್ ವಸೂಲಿ ಮಾಡಿ. ಅರ್ಜಿ ಬರೆಯೋಕೆ ಚಲನ್ ಸರ್ ಸಹಾಯ ಬೇಕು. ಪೆನ್ಸಿಲ್ ಅವರು ಹಿಂದಿನ ಜಾಗ ಒಮ್ಮೆ ಅಳೆದು ಕೊಟ್ಟರೆ ಉಪಕಾರ.

ಅದಕ್ಕೆ ಮೊದಲು ಒಂದು ಕೆಲಸ. ಮಳೆ ಹಿಡಿಯುವ ಮೊದಲು ಆ ತೂತು ಮುಚ್ಚಬೇಕು. ಹಳೇ ಮಂಗಳೂರು ಹಂಚು ಒಂದು ಅರವತ್ತು ಎಲ್ಲಿ ಸಿಗುತ್ತೆ?

ಮೈಸೂರಲ್ಲಿದ್ದೆ

ತೀರ್ಥಹಳ್ಳಿ, ಹೊಸನಗರ ಕಡೆ ಹಳೇ ಮನೆ ಬಿಚ್ಚುವವರನ್ನು ಕೇಳಿ. ಹೋಗುವಾಗ ನಿಮ್ಮ ಮಾಡಿನ ಒಂದು ಹಂಚು ಕೈಯಲ್ಲಿ ಹಿಡಿದುಕೊಂಡು ಹೋಗಿ. ಒಂದೊಂದು ಕಾರ್ಖಾನೆಯದು ಒಂದೊಂದು ಅಳತೆ, ಕೊಂಡಿ ಕೂರದಿದ್ದರೆ ಮೊದಲ ಗಾಳಿಗೇ ಜಾರುತ್ತೆ. ಅರವತ್ತಲ್ಲ, ಎಂಬತ್ತು ತಗೊಳ್ಳಿ.

ಮಹಡಿ ಹುಡುಕುತ್ತಿರುವವಳು

ಮಂಗಗಳಿಗೆ ಇಪ್ಪತ್ತು. ಲೆಕ್ಕ ಸರಿ ಇದೆ.